ಖಾಲಿ ಪಿಕಪ್ ಇಷ್ಟು ಕುಲುಕುವುದು ಯಾಕೆ? ಗಾಳಿಯಿಂದ ಪ್ಲೇಟಿನವರೆಗೆ

ಕಾಸರಗೋಡಿನ ಪೆರ್ಲದಿಂದ ಅಡಿಕೆ ಗೋಣಿ ತುಂಬಿಕೊಂಡು ವಿಟ್ಲದ ಕಡೆ ಹೊರಟರೆ ನನ್ನ ಪಿಕಪ್ ಕಾರಿನ ಹಾಗೆ ಹೋಗುತ್ತದೆ. ಗೋಣಿ ಇಳಿಸಿ ವಾಪಸು ಅಡ್ಯನಡ್ಕ, ಅಡ್ಕಸ್ಥಳ ದಾಟಿ ಬರುವಾಗ ಅದೇ ರಸ್ತೆ, ಅದೇ ಗಾಡಿ. ಆದರೆ ಮನೆ ಅಂಗಳಕ್ಕೆ ಮುಟ್ಟುವಷ್ಟರಲ್ಲಿ ಸೊಂಟ ನನ್ನದಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಹಿರಿಯರು ಹೇಳಿದ ಮಾತು ಪಿಕಪ್ಪಿಗೆ ಸರಿಯಾಗಿ ಹೊಂದುತ್ತದೆ.

ಈ ಕುಲುಕಾಟದಲ್ಲಿ ಎರಡು ಪಾಲು ಉಂಟು. ಒಂದು ಗಾಡಿಯ ಗುಣ, ಇನ್ನೊಂದು ಗಾಡಿಯ ದೋಷ. ಗುಣವನ್ನು ರಿಪೇರಿ ಮಾಡಲು ಹೊರಟರೆ ದುಡ್ಡು ಹೋಗುತ್ತದೆ. ದೋಷವನ್ನು ಗುಣ ಅಂತ ಬಿಟ್ಟರೆ ಒಂದು ದಿನ ಹಿಂದಿನ ಸ್ಪ್ರಿಂಗಿನ ಪ್ಲೇಟು ತುಂಡಾಗುತ್ತದೆ. ನಾನು ಎರಡೂ ತಪ್ಪು ಮಾಡಿದ್ದೇನೆ, ಅದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಗುಣ ಯಾವುದು ಅಂತ ಮೊದಲು ನೋಡುವ. ಹಿಂದಿನ ಲೀಫ್ ಸ್ಪ್ರಿಂಗ್ ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ನಮ್ಮ ಕಡೆ ಹೇಳುವ ಪ್ಲೇಟ್ ಸೆಟ್. ಅದು ಟನ್ನುಗಟ್ಟಲೆ ಹೊರಲು ಮಾಡಿದ್ದು. ಖಾಲಿ ಇರುವಾಗ ಅದರ ಮೇಲೆ ಕೂರುವುದು ಹಿಂದಿನ ಬಾಡಿ ಮತ್ತು ಚಾಸಿಯ ಒಂದು ಭಾಗ ಮಾತ್ರ. ಸ್ಪ್ರಿಂಗ್ ಅದೇ ಇದ್ದು ಮೇಲಿನ ಭಾರ ನಾಲ್ಕು ಪಟ್ಟು ಆದರೆ ಅದು ಮೇಲೆ ಕೆಳಗೆ ಆಡುವ ವೇಗ ಅರ್ಧ ಆಗುತ್ತದೆ. ಕಾರು ಸೆಕೆಂಡಿಗೆ ಒಂದು, ಒಂದೂವರೆ ಸಲ ತೂಗುತ್ತದೆ. ನಮ್ಮ ದೇಹಕ್ಕೆ ಅದು ಹಿತ. ಖಾಲಿ ಪಿಕಪ್ಪಿನ ಹಿಂಭಾಗ ಎರಡಕ್ಕಿಂತ ಜಾಸ್ತಿ ಸಲ ಆಡುತ್ತದೆ. ಜತೆಗೆ ಕೆಳಗೆ ಎರಡು ಚಕ್ರಗಳನ್ನು ಸೇರಿಸುವ ಆಕ್ಸಲ್, ಚಕ್ರ, ಬ್ರೇಕ್ ಡ್ರಮ್ ಎಲ್ಲ ಭಾರ. ಮೇಲಿನ ಬಾಡಿ ಹಗುರ. ಭಾರದ್ದು ಹಾರಿದಾಗ ಹಗುರದ್ದನ್ನು ಒದೆಯುತ್ತದೆ. ಇಷ್ಟು ಯಾವ ಗ್ಯಾರೇಜಿಗೆ ಹೋದರೂ ಹೋಗುವುದಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಮೊದಲೂ ಹೀಗೇ ಇತ್ತಾ? ಗಾಡಿ ಹೊಸತರಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಆಗಿದ್ದರೆ, ಒಂದು ಬದಿ ಮಾತ್ರ ಆಗಿದ್ದರೆ, ಅಥವಾ ಒಂದು ಕೆಲಸ ಮಾಡಿಸಿದ ಮೇಲೆ ಶುರುವಾಗಿದ್ದರೆ ಅದು ದೋಷ.

ಪರೀಕ್ಷೆಗೆ ಒಂದು ತುಂಡು ರಸ್ತೆ ಗೊತ್ತು ಮಾಡಿಕೊಳ್ಳಿ. ಒಂದು ಹಂಪು, ಒಂದು ಹೊಂಡ, ಸ್ವಲ್ಪ ನುಣ್ಣಗಿನ ಡಾಮರು ಇದ್ದರೆ ಸಾಕು. ಹೈವೇ 66ರ ಹತ್ತಿರದವರಿಗೆ ಫ್ಲೈಓವರ್ ಜಾಯಿಂಟುಗಳಿವೆ, ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ. ಪ್ರತಿ ಸಲ ಅದೇ ಸ್ಪೀಡು, ಅದೇ ಖಾಲಿ ಗಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಸಣ್ಣ ಜಲ್ಲಿಕಲ್ಲೂ ಬೆನ್ನಿಗೆ ಗೊತ್ತಾಗುತ್ತದೆ

ಹೊಂಡ ಇಲ್ಲದ ರಸ್ತೆಯಲ್ಲೂ ಗಡಗಡ ಅನ್ನುತ್ತದೆ. ಸ್ಟೇರಿಂಗ್ ಕೈಯಲ್ಲಿ ನಡುಗುತ್ತದೆ. ಡ್ಯಾಶ್‌ಬೋರ್ಡಿನ ಮೇಲಿಟ್ಟ ಬಿಲ್ಲಿನ ಚೀಟಿ ಹಾರಿ ಬೀಳುತ್ತದೆ. ಈ ಲಕ್ಷಣಕ್ಕೆ ಹತ್ತರಲ್ಲಿ ಏಳೆಂಟು ಸಲ ಕಾರಣ ಟೈರಿನ ಗಾಳಿ ಅಂತ ನನ್ನ ಅಂದಾಜು.

ನನ್ನ ಕಥೆ ಹೇಳುತ್ತೇನೆ. ಎರಡು ವರ್ಷ ನನ್ನ ಗಾಡಿ ಹೀಗೇ ಕುಲುಕುತ್ತಿತ್ತು. ಸ್ಪ್ರಿಂಗಿನ ಕುಣಿತ ತಡೆಯುವ ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಹೊಸತು ಹಾಕಿಸಿದೆ. ಏನೂ ಫರಕ್ ಆಗಲಿಲ್ಲ. ಕೊನೆಗೆ ಒಂದು ದಿನ ಗಾಳಿ ಅಳೆಯುವ ಸ್ವಂತ ಗೇಜ್ ತಂದು ಬೆಳಿಗ್ಗೆ ನೋಡಿದರೆ ಹಿಂದಿನ ಎರಡು ಟೈರಿನಲ್ಲಿ 70 ಪಿಎಸ್ಐ (ಗಾಳಿಯ ಒತ್ತಡದ ಅಳತೆ)! ಬಾಗಿಲ ಬಳಿಯ ಫಲಕದಲ್ಲಿ ಖಾಲಿ ಗಾಡಿಗೆ ಬರೆದದ್ದು 45. ಪಂಕ್ಚರ್ ಅಂಗಡಿಯ ಹುಡುಗನಿಗೆ ಪಿಕಪ್ ಅಂದರೆ ಲೋಡ್ ಗಾಡಿ. ಅವನು ಲೋಡಿಗೆ ತಕ್ಕ ಹಾಗೆ, ಅದರ ಮೇಲೆ ಇನ್ನಷ್ಟು ಪ್ರೀತಿಯಿಂದ ಹೊಡೆದು ಕಳಿಸುತ್ತಿದ್ದ. ಅವನ ತಪ್ಪಲ್ಲ, ನಾನು ಯಾವತ್ತೂ ಎಷ್ಟು ಅಂತ ಹೇಳಿದವನೇ ಅಲ್ಲ. ಈ ಅಂಕೆ ನನ್ನ ಗಾಡಿಯದ್ದು. ನಿಮ್ಮದಕ್ಕೆ ನಿಮ್ಮ ಫಲಕ ನೋಡಿ.

ಗಾಳಿ ನೋಡುವ ಕ್ರಮ ಹೀಗೆ. ಬೆಳಿಗ್ಗೆ, ಗಾಡಿ ಓಡುವ ಮೊದಲು ಅಳೆಯಿರಿ. ಓಡಿದ ಟೈರು ಬಿಸಿಯಾಗಿ ನಾಲ್ಕೈದು ಪಿಎಸ್ಐ ಜಾಸ್ತಿ ತೋರಿಸುತ್ತದೆ. ಆಗ ಬಿಟ್ಟು ಕಡಿಮೆ ಮಾಡಿದರೆ ಮರುದಿನ ಬೆಳಿಗ್ಗೆ ಟೈರು ಮೆತ್ತಗೆ. ಟೈರಿನ ಬದಿಯಲ್ಲಿ ಅಚ್ಚು ಹಾಕಿರುವ ಗರಿಷ್ಠ ಅಂಕೆ ಟೈರು ತಡೆಯುವ ಮಿತಿ, ನೀವು ಹಾಕಬೇಕಾದ ಗಾಳಿ ಅಲ್ಲ. ಹಾಕಬೇಕಾದದ್ದು ಬಾಗಿಲ ಬಳಿಯ ಫಲಕದಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಉಂಟು. ಕೆಲವು ಗಾಡಿಗಳಿಗೆ ಖಾಲಿ ಮತ್ತು ಲೋಡ್ ಅಂತ ಎರಡು ಅಂಕೆ ಕೊಟ್ಟಿರುತ್ತಾರೆ. ಒಂದೇ ಅಂಕೆ ಇದ್ದರೆ ಅಂದಾಜಿನಲ್ಲಿ ಇಳಿಸಲು ಹೋಗಬೇಡಿ, ಸರ್ವೀಸ್ ಸೆಂಟರಿನಲ್ಲಿ ಕೇಳಿ.

ಗೇಜ್ ಇಲ್ಲದಿದ್ದರೂ ಒಂದು ಸುಳಿವು ಸಿಗುತ್ತದೆ. ಅಡಿಕೆ ಒಣಗಿಸುವ ಸಿಮೆಂಟು ಅಂಗಳ ಖಾಲಿ ಇದ್ದಾಗ ಟೈರಿನ ಅಗಲಕ್ಕೆ ಸೀಮೆಸುಣ್ಣದಲ್ಲಿ ಒಂದು ದಪ್ಪ ಗೆರೆ ಎಳೆಯಿರಿ. ಗಾಡಿಯನ್ನು ನೇರ ಹತ್ತು ಹನ್ನೆರಡು ಮೀಟರ್ ಓಡಿಸಿ ಇಳಿದು ನೋಡಿ. ಗೆರೆ ನಡುವಿನಲ್ಲಿ ಮಾತ್ರ ಅಳಿಸಿ ಎರಡು ಬದಿ ಉಳಿದಿದ್ದರೆ ಆ ಭಾರಕ್ಕೆ ಗಾಳಿ ಜಾಸ್ತಿ. ಬದಿಗಳು ಮಾತ್ರ ಅಳಿಸಿದ್ದರೆ ಕಡಿಮೆ. ಹಳೇ ಟೈರು ನಡುವಿನಲ್ಲಿ ಮಾತ್ರ ಸವೆದಿದ್ದರೂ ಅದೇ ಅರ್ಥ. ಇದು ಸುಳಿವು ಅಷ್ಟೇ. ಫಲಕದ ಖಾಲಿ ಅಂಕೆಗಿಂತ ಕೆಳಗೆ ಇಳಿಸಲು ಇದು ಲೈಸೆನ್ಸ್ ಅಲ್ಲ.

ಈಗ ಬಹಳ ಮುಖ್ಯವಾದ ಎಚ್ಚರಿಕೆ. ಖಾಲಿಗೆ ಇಳಿಸಿದ ಗಾಳಿಯನ್ನು ಲೋಡ್ ಮಾಡುವ ಮೊದಲು ಮತ್ತೆ ಏರಿಸಬೇಕು. ಮೆತ್ತಗಿನ ಟೈರಿನಲ್ಲಿ ಲೋಡ್ ಹೊತ್ತರೆ ಟೈರಿನ ಬದಿ ಮಡಚಿ ಮಡಚಿ ಒಳಗೇ ಬಿಸಿಯಾಗುತ್ತದೆ, ಆಮೇಲೆ ಸಿಡಿಯುತ್ತದೆ. ಸೀಟಿನ ಕೆಳಗೆ ಸಣ್ಣ ಕಂಪ್ರೆಸರ್ ಇಟ್ಟುಕೊಳ್ಳುವ ಶಿಸ್ತು ನಿಮಗೆ ಇಲ್ಲದಿದ್ದರೆ, ಅಥವಾ ಗಾಡಿ ದಿನಕ್ಕೆ ಮೂರು ಸಲ ತುಂಬಿ ಮೂರು ಸಲ ಖಾಲಿಯಾಗುತ್ತಿದ್ದರೆ, ಲೋಡಿನ ಗಾಳಿಯಲ್ಲೇ ಇಡಿ. ಸೊಂಟ ನೋಯಲಿ, ಟೈರು ಸಿಡಿಯುವುದು ಬೇಡ. ಹೋಗುವಾಗ ತುಂಬಿ ಬರುವಾಗ ಖಾಲಿ ಬರುವ ನನ್ನಂಥವರಿಗೆ ಮಾತ್ರ ಈ ಏರಿಸಿ ಇಳಿಸುವ ಆಟ ಲಾಭ.

ಗಾಳಿ ಸರಿ ಇದ್ದೂ ಗಡಗಡ ನಿಲ್ಲದಿದ್ದರೆ ಟೈರಿನ ವಯಸ್ಸು ನೋಡಿ. ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. 2321 ಅಂತ ಇದ್ದರೆ 2021ನೇ ಇಸವಿಯ 23ನೇ ವಾರ ಅಂತ ಅರ್ಥ. ಹಳೇ ರಬ್ಬರ್ ಕಲ್ಲಿನ ಹಾಗೆ ಆಗುತ್ತದೆ. ಹೊಸತು ಹಾಕಿಸುವಾಗ ಮೆತ್ತಗಿರಲಿ ಅಂತ ಕಾರಿನ ಟೈರು ಹಾಕಿಸಬೇಡಿ. ಭಾರ ಹೊರುವ ಸೂಚ್ಯಂಕ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

ಒಂದು ಮಾತು ಮರೆತೆ: ಸೀಟು. ಹತ್ತು ವರ್ಷದ ಸೀಟಿನ ಫೋಮ್ ಅಪ್ಪಳದ ಹಾಗೆ ಆಗಿರುತ್ತದೆ. ಪಕ್ಕದ ಸೀಟಿನಲ್ಲಿ ಕೂತು ಅದೇ ರಸ್ತೆಯಲ್ಲಿ ಹೋಗಿ ನೋಡಿ. ಅಲ್ಲಿ ಸುಖ ಇದ್ದರೆ ಸಸ್ಪೆನ್ಷನ್ ಬಿಚ್ಚಬೇಡಿ, ಸೀಟು ಹೊಲಿಯುವವರ ಹತ್ತಿರ ಹೋಗಿ.

ಸಣ್ಣದಕ್ಕೆ ಒದೆಯುತ್ತದೆ, ದೊಡ್ಡ ಹೊಂಡಕ್ಕೆ ಪರವಾಗಿಲ್ಲ

ಇದು ವಿಚಿತ್ರ ಲಕ್ಷಣ, ಆದರೆ ನಮ್ಮ ಕಡೆ ಜಾಸ್ತಿ. ಸಣ್ಣ ಏರುತಗ್ಗಿಗೆ ಪ್ಲೇಟು ಅಲುಗುವುದೇ ಇಲ್ಲ, ಮರದ ಹಲಗೆಯ ಹಾಗೆ ನಿಲ್ಲುತ್ತದೆ. ದೊಡ್ಡ ಹೊಡೆತ ಬಿದ್ದಾಗ ಮಾತ್ರ ಬಿಡುತ್ತದೆ. ಪ್ಲೇಟುಗಳ ನಡುವೆ ತುಕ್ಕು ಕೂತು ಅಂಟಿಕೊಂಡಿದೆ ಅಂತ ಅರ್ಥ. ಲೀಫ್ ಸ್ಪ್ರಿಂಗ್ ಕೆಲಸ ಮಾಡುವುದೇ ಪ್ಲೇಟಿನ ಮೇಲೆ ಪ್ಲೇಟು ಜಾರಿ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಕುಂಬಳೆ, ಮಂಜೇಶ್ವರದ ಕಡೆಯವರಿಗೆ ಅದರ ಮೇಲೆ ಸಮುದ್ರದ ಉಪ್ಪು ಗಾಳಿ. ತೋಟದ ಕೆಂಪು ಮಣ್ಣು ಒಳಗೆ ಸೇರಿ ಒಣಗಿದರೆ ಗಾರೆ ಹಾಕಿದ ಹಾಗೆ.

ದುಡ್ಡಿಲ್ಲದ ಪರೀಕ್ಷೆ ಉಂಟು. ಸಮತಟ್ಟು ಅಂಗಳದಲ್ಲಿ ಗಾಡಿ ನಿಲ್ಲಿಸಿ. ಮೂರು ಜನ ಹಿಂದಿನ ಬಂಪರ್ ಮೇಲೆ ಹತ್ತಿ ಮೆಲ್ಲ ಇಳಿಯಲಿ, ಹಾರಬಾರದು. ಚಕ್ರದ ನಡುವಿನಿಂದ ಮೇಲಿನ ಬಾಡಿಯ ಅಂಚಿಗೆ ಎಷ್ಟು ಅಂತ ಅಳೆಯಿರಿ. ಆಮೇಲೆ ಅದೇ ಮೂರು ಜನ ಬಾಡಿಯನ್ನು ಮೇಲಕ್ಕೆ ಎತ್ತಿ ಮೆಲ್ಲ ಬಿಡಲಿ. ಮತ್ತೆ ಅಳೆಯಿರಿ. ಸ್ವಲ್ಪ ಫರಕ್ ಯಾವ ಪ್ಲೇಟ್ ಸೆಟ್ಟಿನಲ್ಲೂ ಇರುತ್ತದೆ. ಒಂದೆರಡು ಸೆಂಟಿಮೀಟರಿನಷ್ಟು ಇದ್ದರೆ, ಅಥವಾ ಎಡಕ್ಕೂ ಬಲಕ್ಕೂ ತಾಳೆ ಆಗದಿದ್ದರೆ, ಅಂಟಿಕೊಂಡಿದೆ. ಅಂಕೆ ಬರೆದಿಡಿ, ಕ್ಲೀನ್ ಮಾಡಿದ ಮೇಲೆ ಹೋಲಿಸಿ ನೋಡುವುದಕ್ಕೆ.

ಮೊದಲ ಮದ್ದು ನೀರು. ಪ್ರೆಶರ್ ವಾಷರಿನಲ್ಲಿ ಪ್ಲೇಟಿನ ಬದಿಗಳನ್ನು ತೊಳೆಯಿರಿ, ಪೂರ್ತಿ ಒಣಗಲು ಬಿಡಿ. ತುಕ್ಕು ಬಿಡಿಸುವ ಸ್ಪ್ರೇ ಸಂದುಗಳಿಗೆ ಹೊಡೆದು ಒಂದು ರಾತ್ರಿ ಬಿಟ್ಟು ಓಡಿಸಿ. ಇಷ್ಟಕ್ಕೇ ಬಹಳ ಗಾಡಿಗಳು ಮೆತ್ತಗಾಗುತ್ತವೆ. ಆಗದಿದ್ದರೆ ಗ್ಯಾರೇಜಿನಲ್ಲಿ ಸೆಟ್ ಬಿಚ್ಚಿಸಿ, ತುಕ್ಕು ಉಜ್ಜಿಸಿ, ಗ್ರಾಫೈಟ್ ಗ್ರೀಸ್ ಹಾಕಿಸಬೇಕು. ಪ್ಲೇಟಿನ ತುದಿಯಲ್ಲಿ ನೈಲಾನ್ ಅಥವಾ ರಬ್ಬರ್ ಪ್ಯಾಡ್ ಇರುವ ಮಾದರಿ ಆದರೆ ಸವೆದ ಪ್ಯಾಡ್ ಬದಲಿಸಿ. ಪ್ಯಾಡ್ ಇರುವ ಜಾಗಕ್ಕೆ ಗ್ರೀಸ್ ಹಾಕಬಹುದೋ ಇಲ್ಲವೋ ಅಂತ ಗಾಡಿಯ ಪುಸ್ತಕ ಹೇಳುತ್ತದೆ.

ಹಳೇ ಇಂಜಿನ್ ಆಯಿಲ್ ಸುರಿಯುವ ಪದ್ಧತಿ ಬೇಡ. ಅದು ಪ್ಲೇಟಿನ ತುದಿಯ ಕೀಲಿನಲ್ಲಿರುವ ರಬ್ಬರ್ ಉಂಗುರವನ್ನು, ಅಂದರೆ ಬುಶ್ಶನ್ನು, ಉಬ್ಬಿಸಿ ಹಾಳು ಮಾಡುತ್ತದೆ, ಧೂಳು ಹಿಡಿದು ಮರಳು ಕಾಗದದ ಹಾಗೆ ಪ್ಲೇಟು ತಿನ್ನುತ್ತದೆ, ಹರಿದು ಬ್ರೇಕ್ ಡ್ರಮ್ಮಿಗೆ ಹೋದರೆ ಬ್ರೇಕೇ ಇಲ್ಲ. ಉಳಿದದ್ದು ಮಳೆಗೆ ತೊಳೆದು ಬಾವಿಯ ಕಡೆಗೆ. ಸ್ಪ್ರೇ ಹೊಡೆಯುವಾಗಲೂ ಡ್ರಮ್ಮಿನ ಕಡೆ ಒಂದು ರಟ್ಟು ಅಡ್ಡ ಹಿಡಿಯಿರಿ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣ ಶ್ಯಾಕಲ್ ಜಾಮ್ ಆಗುವುದು. ಶ್ಯಾಕಲ್ ಅಂದರೆ ಪ್ಲೇಟಿನ ಹಿಂದಿನ ತುದಿ ನೇತಾಡುವ ತುಂಡು. ಪ್ಲೇಟು ಚಪ್ಪಟೆಯಾದಾಗ ಉದ್ದ ಆಗುತ್ತದೆ, ಆ ಉದ್ದಕ್ಕೆ ಶ್ಯಾಕಲ್ ಹಿಂದೆ ಹೋಗಬೇಕು. ಅದು ಹೋಗದಿದ್ದರೆ ಪ್ಲೇಟಿಗೆ ಬಾಗಲು ಜಾಗವೇ ಇಲ್ಲ. ಗ್ರೀಸ್ ನಿಪ್ಪಲ್ ಇದ್ದರೆ ಗನ್ನಿನಲ್ಲಿ ಗ್ರೀಸ್ ಹೊಡೆಯಿರಿ, ಹಳೇ ಕಪ್ಪು ಗ್ರೀಸ್ ಹೊರಗೆ ಬರುವವರೆಗೆ. ರಬ್ಬರ್ ಬುಶ್ ಆಗಿದ್ದರೆ ಗ್ರೀಸ್ ಬೇಡ, ಬಿರುಕು ಬಿಟ್ಟಿದೆಯಾ ಅಂತ ಮಾತ್ರ ನೋಡಿ.

ಇಲ್ಲಿ ಎಷ್ಟೋ ಗ್ಯಾರೇಜಿನಲ್ಲಿ ಒಂದು ತಪ್ಪು ನಡೆಯುತ್ತದೆ. ರಬ್ಬರ್ ಬುಶ್ ಬದಲಿಸಿ, ಗಾಡಿ ಜಾಕಿನ ಮೇಲೆ ಇರುವಾಗಲೇ, ಆಕ್ಸಲ್ ನೇತಾಡುತ್ತಿರುವಾಗಲೇ ಬೋಲ್ಟನ್ನು ಫುಲ್ ಟೈಟ್ ಮಾಡುತ್ತಾರೆ. ಗಾಡಿ ಕೆಳಗೆ ಇಳಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಗಾಡಿ ಗಟ್ಟಿಯಾಗುತ್ತದೆ, ಬುಶ್ ಬೇಗ ಹರಿಯುತ್ತದೆ. ಬುಶ್ ಹಾಕಿಸಿದ ಮೇಲೆ ಕುಲುಕಾಟ ಜಾಸ್ತಿ ಆಯಿತು ಅನ್ನುವವರಿಗೆ ಕಾರಣ ಇದೇ. ಬೋಲ್ಟ್ ಸಡಿಲಿಸಿ, ಚಕ್ರ ನೆಲದ ಮೇಲೆ ಕೂತು ಗಾಡಿ ತನ್ನ ಭಾರ ಹೊತ್ತಿರುವಾಗ ಮತ್ತೆ ಟೈಟ್ ಮಾಡಿಸಿ. ಅರ್ಧ ಗಂಟೆಯ ಕೆಲಸ.

ಹಂಪು ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ

ಒಂದು ಹಂಪು ದಾಟಿದರೆ ಒಂದು ಸಲ ಏರಿ, ಇಳಿದು, ಸುಮ್ಮನಾಗಬೇಕು. ಎರಡು, ಮೂರು, ನಾಲ್ಕು ಸಲ ತೂಗಿದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಕಾರಿನ ಹಾಗೆ ಮೂಲೆ ಒತ್ತಿ ನೋಡುವ ಪರೀಕ್ಷೆ ಪಿಕಪ್ಪಿನ ಹಿಂಭಾಗಕ್ಕೆ ನಡೆಯುವುದಿಲ್ಲ. ಅಷ್ಟು ಗಟ್ಟಿ ಪ್ಲೇಟನ್ನು ಒತ್ತಲು ನಮ್ಮಿಂದ ಆಗುವುದಿಲ್ಲ. ಹಂಪೇ ಪರೀಕ್ಷೆ. ಹಿಂದಿನಿಂದ ಒಬ್ಬರು ಬೈಕಿನಲ್ಲಿ ಬಂದು ನೋಡಿದರೆ ಇನ್ನೂ ಒಳ್ಳೆಯದು, ಚಕ್ರ ನೆಲ ಬಿಟ್ಟು ಹಾರುವುದು ಅವರಿಗೆ ಕಾಣುತ್ತದೆ.

ಕಣ್ಣಿಗೆ ಕಾಣುವ ಗುರುತು ಆಯಿಲ್. ಮೇಲೆ ತೆಳ್ಳಗೆ ಪಸೆ ಇದ್ದು ಧೂಳು ಕೂತಿದ್ದರೆ ಗಾಬರಿ ಬೇಡ. ಆಯಿಲ್ ಹನಿ ಹನಿಯಾಗಿ ಇಳಿದಿದ್ದರೆ ಬದಲಿಸಿ. ಟೈರಿನ ಮೇಲೆ ಕೈ ಸವರಿದಾಗ ಅಲ್ಲಲ್ಲಿ ತಟ್ಟೆ ಕೊರೆದ ಹಾಗೆ ತಗ್ಗು ಸಿಕ್ಕಿದರೆ ಅದೂ ಶಾಕ್ ಹೋದ ಗುರುತು. ಇನ್ನೊಂದು ಉಪಾಯ: ಆರೇಳು ಕಿಲೋಮೀಟರ್ ಹಾಳು ರಸ್ತೆಯಲ್ಲಿ ಓಡಿಸಿ ನಿಲ್ಲಿಸಿ, ಎರಡೂ ಶಾಕ್ ಮುಟ್ಟಿ ನೋಡಿ. ಕೆಲಸ ಮಾಡಿದ ಶಾಕ್ ಬೆಚ್ಚಗಿರುತ್ತದೆ, ಸತ್ತದ್ದು ತಣ್ಣಗೆ. ಕೈಯ ಹಿಂಬದಿಯಿಂದ ಮೆಲ್ಲ ಮುಟ್ಟಿ, ಪಕ್ಕದಲ್ಲೇ ಸೈಲೆನ್ಸರ್ ಇದ್ದೀತು.

ಬದಲಿಸುವಾಗ ಎರಡೂ ಬದಿ ಒಟ್ಟಿಗೆ. ಹೆವಿ ಡ್ಯೂಟಿ ಅಂತ ಬರೆದದ್ದನ್ನು ನೋಡಿ ಮರುಳಾಗಬೇಡಿ. ಯಾವಾಗಲೂ ಲೋಡಿನಲ್ಲಿ ಓಡುವ ಗಾಡಿಗೆ ಅದು ಸರಿ. ಖಾಲಿ ಓಡುವುದೇ ಜಾಸ್ತಿ ಇದ್ದರೆ ಬಿಗಿ ಶಾಕ್ ಕುಣಿತವನ್ನು ನಿಲ್ಲಿಸುತ್ತದೆ, ಆದರೆ ಪ್ರತಿ ಹೊಡೆತವನ್ನೂ ನೇರ ಬಾಡಿಗೆ ಕಳಿಸುತ್ತದೆ. ಹೊಸ ಶಾಕ್ ಹಾಕಿದ ಮೇಲೆ ಕುಣಿತ ಹೋಗಿ ಒದೆತ ಜಾಸ್ತಿ ಆಯಿತು ಅಂದರೆ ಇದೇ ಕತೆ. ಕಂಪನಿ ಕೊಟ್ಟ ಪಾರ್ಟ್ ನಂಬರಿನದ್ದೇ ಹಾಕಿಸುವುದು ನನ್ನ ಅಭಿಪ್ರಾಯ. ಹಳೇ ಗ್ಯಾಸ್ ಶಾಕನ್ನು ಕತ್ತರಿಸುವುದು, ಬೆಂಕಿ ತಾಗಿಸುವುದು ಮಾಡಬೇಡಿ, ಒಳಗೆ ಒತ್ತಡ ಇರುತ್ತದೆ.

ಹೊಂಡಕ್ಕೆ ಇಳಿದರೆ ಢಬ್ ಅಂತ ಕಬ್ಬಿಣದ ಹೊಡೆತ

ಗಾಡಿಯ ಹಿಂದೆ ಕೂತು ಪ್ಲೇಟ್ ಸೆಟ್ಟನ್ನು ಬದಿಯಿಂದ ನೋಡಿ. ಮುಖ್ಯ ಪ್ಲೇಟುಗಳ ಜತೆ ಒಂದೆರಡು ದಪ್ಪ ಪ್ಲೇಟು ಬೇರೆಯಾಗಿ ಇರುತ್ತವೆ, ಹೆಲ್ಪರ್ ಅಂತ ಹೇಳುತ್ತಾರೆ. ಕೆಲವು ಗಾಡಿಯಲ್ಲಿ ಮೇಲೆ, ಕೆಲವಲ್ಲಿ ಕೆಳಗೆ. ಖಾಲಿ ಇರುವಾಗ ಹೆಲ್ಪರ್ ಸುಮ್ನೆ ಕೂತಿರಬೇಕು, ಅದರ ತುದಿಗೂ ಅದು ತಾಗುವ ಜಾಗಕ್ಕೂ ನಡುವೆ ಬೆಳಕು ಕಾಣಬೇಕು. ಲೋಡ್ ಬಿದ್ದಾಗ ಮಾತ್ರ ಅದು ಕೆಲಸಕ್ಕೆ ಇಳಿಯುವುದು. ಖಾಲಿಯಲ್ಲೇ ತಾಗಿಕೊಂಡಿದ್ದರೆ ನೀವು ದಿನವಿಡೀ ಫುಲ್ ಲೋಡಿನ ಸ್ಪ್ರಿಂಗ್ ಮೇಲೆ ಖಾಲಿ ಗಾಡಿ ಓಡಿಸುತ್ತಿದ್ದೀರಿ.

ತಾಗುವುದಕ್ಕೆ ಕಾರಣ ಎರಡು. ಒಂದು, ಮುಖ್ಯ ಪ್ಲೇಟು ಕುಸಿದು ಚಪ್ಪಟೆ ಆಗಿರುವುದು. ಇದು ಓವರ್‌ಲೋಡಿನ ಫಲ. ನಮ್ಮಲ್ಲಿ ಕೆಂಪುಕಲ್ಲನ್ನು ಎಣಿಸಿ ಲೋಡ್ ಮಾಡುತ್ತಾರೆ, ತೂಕ ಮಾಡುವುದಿಲ್ಲ. ಬೇಸಗೆಯ ಕಲ್ಲಿನ ಲೆಕ್ಕವನ್ನೇ ಆಟಿ ತಿಂಗಳಿಗೂ ಹಿಡಿಯುತ್ತಾರೆ. ಆದರೆ ಕೆಂಪುಕಲ್ಲು ತೂತು ತೂತು, ಮಳೆ ನೀರು ಕುಡಿದು ಅಷ್ಟೇ ಕಲ್ಲು ಎಷ್ಟೋ ಜಾಸ್ತಿ ತೂಗುತ್ತದೆ. ಎರಡನೇ ಕಾರಣ, ಹಿಂದಿನ ಮಾಲೀಕ ಹಾಕಿಸಿದ ಎಕ್ಸ್‌ಟ್ರಾ ಪ್ಲೇಟು. ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದವರು ಪ್ಲೇಟು ಎಣಿಸಿ, ಕಂಪನಿಯ ಲೆಕ್ಕಕ್ಕೆ ತಾಳೆ ನೋಡಿ. ಒಂದು ಪ್ಲೇಟಿನ ಬಣ್ಣ, ದಪ್ಪ ಬೇರೆ ಇದ್ದರೆ ಅದು ಆಮೇಲೆ ಬಂದ ನೆಂಟ. ಅದನ್ನು ತೆಗೆಸಿ ಕಂಪನಿ ಲೆಕ್ಕಕ್ಕೆ ತಂದರೆ ಗಾಡಿ ಬೇರೆಯೇ ಆಗುತ್ತದೆ.

ಆಕ್ಸಲ್ ಮೇಲಿನ ರಬ್ಬರ್ ಬಂಪ್ ಸ್ಟಾಪ್ ಕೂಡ ನೋಡಿ. ಅದು ಹರಿದು ಬಿದ್ದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಕಡಿಮೆ ಕ್ರಯದ ಪಾರ್ಟು. ಹಿಂದೆ ಸ್ಪ್ರಿಂಗಿಗೆ ನೆರವಾಗುವ ಗಾಳಿ ಚೀಲ, ಅಂದರೆ ಏರ್ ಬ್ಯಾಗ್ ಹಾಕಿಸಿಕೊಂಡವರು ಖಾಲಿ ಬರುವಾಗ ಅದರ ಗಾಳಿಯನ್ನು ಅದರ ಕಂಪನಿ ಹೇಳಿದ ಕನಿಷ್ಠಕ್ಕೆ ಇಳಿಸಿ.

ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಹಾರುತ್ತದೆ

ಇದನ್ನು ಸುಖದ ಪ್ರಶ್ನೆ ಅಂತ ನೋಡಬೇಡಿ. ತಿರುವಿನಲ್ಲಿ ಹೊಂಡ ಸಿಕ್ಕಿದಾಗ ಖಾಲಿ ಹಿಂಭಾಗ ಸ್ವಲ್ಪ ಕುಪ್ಪಳಿಸುವುದು ಎಲ್ಲ ಪಿಕಪ್ಪಿಗೂ ಉಂಟು, ಅದರಲ್ಲೂ ಮಳೆಯಲ್ಲಿ. ಸ್ಪೀಡು ಇಳಿಸುವುದೇ ಮದ್ದು. ಆದರೆ ಇತ್ತೀಚೆಗೆ ಶುರುವಾಗಿದ್ದರೆ, ನೇರ ರಸ್ತೆಯಲ್ಲೂ ಗಾಡಿ ಏಡಿಯ ಹಾಗೆ ಓರೆ ಹೋಗುತ್ತಿದ್ದರೆ, ಬ್ರೇಕ್ ಹಾಕಿದಾಗ ಎಳೆಯುತ್ತಿದ್ದರೆ ಗಾಡಿ ನಿಲ್ಲಿಸಿ ಈ ಮೂರನ್ನು ನೋಡಿ.

ಯು ಬೋಲ್ಟ್: ಆಕ್ಸಲ್ಲನ್ನು ಪ್ಲೇಟಿಗೆ ಕಟ್ಟಿ ಹಿಡಿಯುವುದು ಇದೇ. ನಟ್ಟಿನ ಬುಡದಲ್ಲಿ ತುಕ್ಕಿನ ಕೆಂಪು ಗೆರೆ ಇಳಿದಿದ್ದರೆ, ಅಥವಾ ಲೋಹ ಉಜ್ಜಿ ಹೊಳೆಯುತ್ತಿದ್ದರೆ ಸಡಿಲ ಆಗಿದೆ. ಪ್ಲೇಟು: ಅಡ್ಡ ಬಿರುಕು ಉಂಟಾ ನೋಡಿ, ಯು ಬೋಲ್ಟಿನ ಹತ್ತಿರ ಜಾಸ್ತಿ ಬರುತ್ತದೆ. ಗಾಡಿ ಒಂದು ಬದಿ ವಾಲಿದ್ದರೆ ಮೊದಲು ಇದೇ ಅನುಮಾನ ಪಡಬೇಕು. ಸೆಂಟರ್ ಬೋಲ್ಟ್: ಪ್ಲೇಟುಗಳ ನಡುವೆ ತೂರಿ ಎಲ್ಲವನ್ನೂ ಸೇರಿಸುವುದು ಇದು, ತುಂಡಾದರೆ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ. ಪ್ಲೇಟಿನ ಮುಂದಿನ ಕಣ್ಣಿನಿಂದ (ತುದಿಯಲ್ಲಿ ಬೋಲ್ಟ್ ಹೋಗುವ ಸುರುಳಿ) ಚಕ್ರದ ನಡುವಿಗೆ ಎರಡೂ ಬದಿ ಟೇಪ್ ಹಿಡಿಯಿರಿ. ಎರಡೂ ಸಮ ಇರಬೇಕು. ಮೂರರಲ್ಲಿ ಯಾವ ಒಂದು ಕಂಡರೂ ಮೆಲ್ಲ ಓಡಿಸಿಕೊಂಡು ಹೋಗುವ ಅಂತ ಹೊರಡಬೇಡಿ. ಮೆಕ್ಯಾನಿಕ್ಕನ್ನೇ ಅಂಗಳಕ್ಕೆ ಕರೆಸಿ.

ಒಂದೇ ಸ್ಪೀಡಿನಲ್ಲಿ ನಡುಕ, ಬೇರೆ ಸ್ಪೀಡಿನಲ್ಲಿ ಇಲ್ಲ

ರಸ್ತೆ ಹೇಗಿದ್ದರೂ 60ಕ್ಕೋ 70ಕ್ಕೋ ನಡುಕ ಬಂದು ಆಮೇಲೆ ಹೋದರೆ ಸ್ಪ್ರಿಂಗಿಗೂ ಅದಕ್ಕೂ ಸಂಬಂಧ ಕಡಿಮೆ. ವೀಲ್ ಬ್ಯಾಲೆನ್ಸ್ ಮಾಡಿಸಿ. ರಿಮ್ಮಿನ ಒಳಗೆ ಅಂಟಿದ ಮಣ್ಣು ತೆಗೆಸಿದರೂ ಸಾಕಾದೀತು. ಖಾಲಿಯಲ್ಲಿ ಮಾತ್ರ ನಡುಕ, ಲೋಡಿನಲ್ಲಿ ಇಲ್ಲ, ಅದೂ ಪ್ಲೇಟು ಕೆಲಸ ಮಾಡಿಸಿದ ಮೇಲೆ ಶುರುವಾದದ್ದು ಅಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿದೆ. ಹಿಂಭಾಗ ಎತ್ತರ ಆದರೆ ಶಾಫ್ಟ್ ಓರೆ ಆಗುತ್ತದೆ. ಕೆಲಸ ಮಾಡಿದವರ ಹತ್ತಿರವೇ ವಾಪಸು ಹೋಗಿ.

ಕೆಳಗೆ ನುಗ್ಗುವ ಮೊದಲು

ಜಾಕ್ ಕೊಟ್ಟು ಪಕ್ಕದಲ್ಲಿದ್ದ ಕೆಂಪುಕಲ್ಲು ಅಡಿಗಿಟ್ಟು ಕೆಳಗೆ ಮಲಗುವುದು ನಮ್ಮ ಊರಿನ ಅಭ್ಯಾಸ. ಆ ಕಲ್ಲು ಗೋಡೆಗೆ ಗಟ್ಟಿ, ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಒಡೆಯುತ್ತದೆ. ಮುನ್ಸೂಚನೆಯನ್ನೂ ಕೊಡುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಇಲ್ಲದೆ ಕೆಳಗೆ ಹೋಗಬೇಡಿ. ಮಳೆಗಾಲದ ಅಂಗಳದಲ್ಲಿ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಹಾಕಿ. ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡ ಇಡಿ. ನೋಡುವುದು, ಅಳೆಯುವುದು, ತೊಳೆಯುವುದು ನಾವು ಮಾಡಬಹುದು. ಯು ಬೋಲ್ಟ್, ಸೆಂಟರ್ ಬೋಲ್ಟ್ ಬಿಚ್ಚುವುದು ಬೇಡ. ಬಾಗಿಸಿ ಕಟ್ಟಿದ ಪ್ಲೇಟು ಕ್ಲ್ಯಾಂಪ್ ಇಲ್ಲದೆ ಬಿಚ್ಚಿಕೊಂಡರೆ ಕೈ ಮುರಿಯುವಷ್ಟು ಜೋರಾಗಿ ಹಾರುತ್ತದೆ.

ಎಲ್ಲ ಸರಿ ಉಂಟು, ಆದರೂ ಗಟ್ಟಿ

ಆಗ ಉಳಿದದ್ದು ಗಾಡಿಯ ಗುಣ. ಎಲ್ಲರೂ ಕೊಡುವ ಸಲಹೆ: ಒಂದು ಪ್ಲೇಟು ತೆಗೆಸಿಬಿಡು. ತೆಗೆದರೆ ಮೆತ್ತಗಾಗುತ್ತದೆ, ಅದು ಸುಳ್ಳಲ್ಲ. ಆದರೆ ಲೋಡ್ ಹಾಕಿದ ದಿನ ಉಳಿದ ಪ್ಲೇಟುಗಳ ಮೇಲೆ ಆ ಭಾರ ಬೀಳುತ್ತದೆ. ಇನ್ನೊಂದು ಸಂಗತಿ ಎಷ್ಟೋ ಜನರಿಗೆ ಗೊತ್ತಿಲ್ಲ. ಬಹಳ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ಒಂದು ಸಣ್ಣ ಸರಳು ಅಥವಾ ಸ್ಪ್ರಿಂಗ್ ಇರುತ್ತದೆ, ಎಲ್‌ಎಸ್‌ಪಿವಿ ಅನ್ನುವ ವಾಲ್ವಿಗೆ ಸೇರಿದ್ದು. ಗಾಡಿಯ ಹಿಂಭಾಗ ಎಷ್ಟು ಕೆಳಗೆ ಕೂತಿದೆ ಅಂತ ನೋಡಿ ಅದು ಹಿಂದಿನ ಬ್ರೇಕಿಗೆ ಒತ್ತಡ ಹಂಚುತ್ತದೆ. ಪ್ಲೇಟು ತೆಗೆದು ಎತ್ತರ ಇಳಿದರೆ ಖಾಲಿ ಗಾಡಿಯನ್ನು ಲೋಡ್ ಗಾಡಿ ಅಂತ ತಿಳಿದು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಕೊಡುತ್ತದೆ. ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿ ನಿಲ್ಲುತ್ತದೆ. ಎಕ್ಸ್‌ಟ್ರಾ ಪ್ಲೇಟು ಹಾಕಿ ಎತ್ತರ ಏರಿಸಿದರೆ ಉಲ್ಟಾ, ಲೋಡಿನಲ್ಲಿ ಹಿಂದಿನ ಬ್ರೇಕ್ ಸಾಲುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಮಾಡಿದ್ದನ್ನು ಹೀಗೆ ಬದಲಿಸಲು ಬಿಡುವುದೂ ಇಲ್ಲ.

ನಾನು ಮಾಡುವುದು ಇದಕ್ಕಿಂತ ಸಸಾರ. ಖಾಲಿ ಬರುವ ದಿನ ಮೂರು ಗೋಣಿ ಮರಳು, ಒಟ್ಟು 150 ಕಿಲೋ, ಹಿಂದಿನ ಆಕ್ಸಲ್ ಮೇಲೆ ಅಥವಾ ಸ್ವಲ್ಪ ಮುಂದೆ ಇಟ್ಟು ಬಿಗಿಯಾಗಿ ಕಟ್ಟುತ್ತೇನೆ. ಬಾಡಿಯ ಹಿಂದಿನ ತುದಿಗೆ ಇಡಬಾರದು, ಮುಂದಿನ ಚಕ್ರ ಹಗುರ ಆಗುತ್ತದೆ. ಕಟ್ಟದೆ ಬಿಟ್ಟರೆ ಬ್ರೇಕ್ ಹಾಕಿದಾಗ ಗೋಣಿ ಕ್ಯಾಬಿನ್ನಿಗೆ ಬಂದು ಗುದ್ದುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿ. ಸ್ವಲ್ಪ ಡೀಸೆಲ್ ಜಾಸ್ತಿ ಹೋಗುತ್ತದೆ, ಲೋಡಿನ ಲೆಕ್ಕದಲ್ಲೂ ಅಷ್ಟು ಕಡಿಮೆ ಹಿಡಿಯಬೇಕು.

ಗ್ಯಾರೇಜಿಗೆ ಹೋದರೆ ಗಾಡಿ ಕುಲುಕುತ್ತದೆ ಅಂತ ಮಾತ್ರ ಹೇಳಬೇಡಿ. ನಮ್ಮ ಕಡೆಯ ಗ್ಯಾರೇಜಿನಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ನಾಲ್ಕೂ ನಡೆಯುತ್ತದೆ. ನಾಲ್ಕರಲ್ಲೂ ಆ ಮಾತಿಗೆ ಸಿಗುವ ಉತ್ತರ ಒಂದೇ, ಶಾಕ್ ಬದಲಿಸುವ. ಎಷ್ಟು ಸ್ಪೀಡಿನಲ್ಲಿ, ಖಾಲಿಯಲ್ಲೋ ಲೋಡಿನಲ್ಲೋ, ಯಾವ ಬದಿ, ಯಾವಾಗಿನಿಂದ, ಗಾಳಿ ಎಷ್ಟು ಇಟ್ಟು ನೋಡಿದ್ದು ಅಂತ ಹೇಳಿ. ಅಳೆದ ಅಂಕೆಗಳ ಚೀಟಿ ಕೊಡಿ. ಪ್ಲೇಟು ಬಿಚ್ಚಿದ್ದರೆ ಯು ಬೋಲ್ಟ್ ಹೊಸತು ಹಾಕಿ, ಕಂಪನಿ ಹೇಳಿದ ಟಾರ್ಕಿನಲ್ಲಿ (ತಿರುಗಿಸುವ ಬಲದಲ್ಲಿ) ಬಿಗಿಯಲು ಹೇಳಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಹೋಗಿ ಅದೇ ನಟ್ಟುಗಳನ್ನು ಇನ್ನೊಮ್ಮೆ ನೋಡಿಸಬೇಕು, ಪ್ಲೇಟುಗಳು ಕೂರುವಾಗ ಸ್ವಲ್ಪ ಸಡಿಲ ಆಗುತ್ತವೆ. ನಾನು ಕಳೆದ ವಾರ ಹೋಗಿದ್ದೆ. ಎಡಬದಿಯ ಒಂದು ನಟ್ಟು ಕಾಲು ಸುತ್ತು ತಿರುಗಿತು.